ಕೆಂಪು ಅಂಚಿನ ಕಾಗದ ಹಿಡಿದು ಬಜ್ಪೆಗೆ

ಆಗ ನನಗೆ ಅರವತ್ತೆಂಟು. ಈಗ್ಗೆ ನಾಲ್ಕು ವರ್ಷವಾಯಿತು. ಅಷ್ಟು ಕಾಲ ಕಾಪುವಿನ ಕಡಲ ಬದಿಯಲ್ಲೇ ಇದ್ದು, ವಿಮಾನವನ್ನು ತಲೆಯ ಮೇಲೆ ಹೋಗುವಾಗ ಮಾತ್ರ ನೋಡಿದವಳು ನಾನು. ಆ ಅಕ್ಟೋಬರಿನ ಒಂದು ಬುಧವಾರ, ಸಂಜೆ ನಾಲ್ಕೂವರೆಗೆ ಬಜ್ಪೆಯಿಂದ ಮುಂಬೈಗೆ ಹೋಗುವ ವಿಮಾನದಲ್ಲಿ ನನಗೂ ನನ್ನ ನಾದಿನಿ ವಾರಿಜಳಿಗೂ ಸೀಟು ಆಗಿತ್ತು. ಮನೆ ಬಿಟ್ಟದ್ದು ಮಾತ್ರ ಮಂಗಳವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ. ಬಜ್ಪೆಗೆ ದಾರಿ ತೆಂಕಕ್ಕೆ; ನಾನು ಹೋದದ್ದು ಬಡಗಕ್ಕೆ, ಉಡುಪಿ ಬಸ್ಸಿನಲ್ಲಿ, ಚಹಾ ಕೂಡ ಕುಡಿಯದೆ, ನಿಂತುಕೊಂಡು.

ವಾರಿಜ ನನ್ನ ಗಂಡನ ತಂಗಿ. ಗಂಡ ಸತ್ತು ಇಪ್ಪತ್ತು ವರ್ಷವಾಗಿತ್ತು. ಅವನ ಕಡೆಯಿಂದ ಊರಿನಲ್ಲಿ ನನ್ನ ಪಾಲಿಗೆ ಉಳಿದದ್ದು ಇವಳೊಬ್ಬಳು; ಇವಳ ಮಗಳು ಇದ್ದದ್ದು ಮುಂಬೈಯಲ್ಲಿ. ನಾನು ಮೀನು ಮಾರಿದೆ, ಅವಳು ಗೇರುಬೀಜ ಹುರಿಯುವಲ್ಲಿ ಹೊಗೆಯ ಎದುರು ಮೂವತ್ತು ವರ್ಷ ಕೂತಳು. ಅವಳ ಶ್ವಾಸಕೋಶ ಹಳೆಯ ಬಲೆಯ ಹಾಗಾಗಿತ್ತು, ಗಾಳಿ ಒಳಗೆ ಹೋದರೂ ನಿಲ್ಲುತ್ತಿರಲಿಲ್ಲ. ಹೆಗಲ ಚೀಲದಷ್ಟು ದೊಡ್ಡ ಒಂದು ಯಂತ್ರ ಹೊರಗಿನ ಗಾಳಿಯನ್ನು ಸೋಸಿ ಆಮ್ಲಜನಕ ಮಾಡಿ ನಳಿಗೆಯಲ್ಲಿ ಮೂಗಿಗೆ ಕೊಡುತ್ತಿತ್ತು. ಅದಕ್ಕೆ ಎರಡು ಬ್ಯಾಟರಿ. ಒಂದು ಯಂತ್ರದ ಹೊಟ್ಟೆಯಲ್ಲಿ, ಇನ್ನೊಂದು ಚೀಲದಲ್ಲಿ. ಮಣಿಪಾಲದ ಡಾಕ್ಟರಮ್ಮ, "ಶ್ವಾಸಕೋಶದೊಳಗೆ ಸಣ್ಣ ಕವಾಟ ಕೂರಿಸಿದರೆ ಇವರಿಗೆ ಗುಣ ಕಾಣಬಹುದು, ಆ ಕೆಲಸದ ಡಾಕ್ಟರರು ಮುಂಬೈಯಲ್ಲಿದ್ದಾರೆ" ಎಂದು ಅಲ್ಲಿಗೆ ಬರೆದುಕೊಟ್ಟಿದ್ದರು. ಐದು ತಿಂಗಳು ಕಾದು ದಿನ ಸಿಕ್ಕಿತ್ತು. ಗುರುವಾರ ಹನ್ನೊಂದು ಗಂಟೆ. ಬುಧವಾರ ರಾತ್ರಿಯೊಳಗೆ ಬಂದು ಮಲಗದಿದ್ದರೆ ಹಾಸಿಗೆ ಇನ್ನೊಬ್ಬರಿಗೆ, ಮತ್ತೆ ಐದು ತಿಂಗಳು. ವಾರಿಜಳಲ್ಲಿ ಐದು ತಿಂಗಳಿನ ಉಸಿರು ಇರಲಿಲ್ಲ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ರೈಲಿನಲ್ಲಿ ಯಾಕೆ ಹೋಗಲಿಲ್ಲ ಎಂದು ಕೇಳುವವರು ಇದ್ದಾರೆ. ಒಮ್ಮೆ ಹೋಗಿ ನೋಡಿದ್ದೆವು. ರತ್ನಗಿರಿ ದಾಟಿದ ಮೇಲೆ ಸೀಟಿನ ಬದಿಯ ಪ್ಲಗ್ ಸತ್ತಿತು. ರೈಲು ತಡವಾಗಿ ಎರಡೂ ಬ್ಯಾಟರಿ ಮುಗಿದು, ಪನ್ವೇಲ್ ಮುಟ್ಟುವಾಗ ಅವಳ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಟಿಕೆಟು ಮಾಡಿಕೊಟ್ಟ ಹಮೀದನ ಫೋನ್ ಬಂದಿತ್ತು.

"ಸೀತಕ್ಕಾ, ವಿಮಾನದವರು ಬರೆದಿದ್ದಾರೆ. ನಿಮ್ಮ ಆಕ್ಸಿಜನ್ ಅಪಾಯದ ಸರಕಂತೆ. ಕಾಗದಪತ್ರ ಇಲ್ಲದಿದ್ದರೆ ಹತ್ತಿಸ್ಲಿಕ್ಕಿಲ್ಲವಂತೆ."

"ಅಪಾಯ ಯಾರು, ವಾರಿಜಳಾ? ಅದು ನನಗೆ ಮದುವೆಯಾದ ವರ್ಷವೇ ಗೊತ್ತುಂಟು."

"ತಮಾಷೆಯಲ್ಲ ಅಕ್ಕ. ಬೇಗ ಬನ್ನಿ, ಒಂದು ಸಹಿ ಬೇಕು."

ಪಕ್ಕದ ಮನೆಯ ಶಕುಂತಲಾ ಟೀಚರನ್ನು ವಾರಿಜಳ ಬಳಿ ಕೂರಿಸಿ ಹೊರಟೆ. ಟೀಚರು ನಿವೃತ್ತಿಯಾದವರು. ನಾನು ಮೂರನೇ ಕ್ಲಾಸು. ಇಲ್ಲಿ ಬರೆದದ್ದಕ್ಕೆ ಒತ್ತು, ದೀರ್ಘ ಹಾಕಿದ್ದು ಅವರೇ.

ಕಾಪುವಿನಿಂದ ಉಡುಪಿಗೆ ಹದಿಮೂರು ಕಿಲೋಮೀಟರು. ಹಮೀದನ ಆಫೀಸು ಬಸ್ ನಿಲ್ದಾಣದ ಹಿಂದಿನ ಮಹಡಿಯಲ್ಲಿ, ಕಡಿದಾದ ಮೆಟ್ಟಿಲು. ಅವನು ಗಲ್ಫಿಗೆ ಜನರನ್ನು ಕಳಿಸುತ್ತಾನೆ, ಅದಕ್ಕಿಂತ ಹೆಚ್ಚು ಪೆಟ್ಟಿಗೆ ಕಳಿಸುತ್ತಾನೆ. ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ, ಒಮ್ಮೆ ಯಾರದ್ದೋ ಹೊಲಿಗೆ ಯಂತ್ರ. ಸರಕಿನ ಕಾಗದ ಅವನಿಗೆ ನೀರು ಕುಡಿದಷ್ಟು ಸುಲಭ. ಅಪಾಯದ ಸರಕು ಎಂದು ಓದಿದ್ದೇ ಅವನು ಅಪಾಯದ ಸರಕಿನ ಕಾಗದವನ್ನೇ ತೆಗೆದು ತುಂಬಿಸಿ ಇಟ್ಟಿದ್ದ. ದಪ್ಪ ಕಾಗದ, ಎಡಬಲ ಎರಡೂ ಅಂಚಿನಲ್ಲಿ ಕೆಂಪು ಓರೆಗೆರೆ. ನೋಡುವಾಗಲೇ ಸರಕಾರದ್ದು ಎನಿಸುತ್ತಿತ್ತು.

"ಇಲ್ಲಿ ಹಾಕಿ, ಇಲ್ಲಿ, ಮತ್ತೆ ಇಲ್ಲಿ" ಎಂದ.

"ಎಂತ ಬರೆದದ್ದು ಉಂಟು ಇದರಲ್ಲಿ?"

"ಎಲ್ಲ ಸರಿಯಾಗಿ ಉಂಟು ಅಂತ ಬರೆದದ್ದು. ನೀವು ಹಾಕಿ."

ನಾನು ಮೂರು ಕಡೆ ಸೀತು ಎಂದು ಬರೆದೆ. ಇನ್ನೆರಡು ಕಾಗದ ನಾನೇ ತರಬೇಕಿತ್ತು. ಮಣಿಪಾಲದಿಂದ ಡಾಕ್ಟರಮ್ಮನದ್ದು, ಕಾರ್ಕಳದಿಂದ ಯಂತ್ರ ಮಾರಿದ ಅಂಗಡಿಯದ್ದು. "ಅಂಗಡಿಯವರು ಬ್ಯಾಟರಿಯ ಶಕ್ತಿ ಎಷ್ಟೂಂತ ನಂಬ್ರ ಬರೆದುಕೊಡ್ಬೇಕು. ನೂರು ವಾಟ್-ಅವರ್ ಒಳಗಾದರೆ ತಕರಾರಿಲ್ಲ" ಎಂದು ಹಮೀದ್ ಎರಡು ಸಲ ಹೇಳಿದ. ಕೆಂಪು ಕಾಗದ ಮಡಚಬಾರದೆಂದು ಒಂದು ಪ್ಲಾಸ್ಟಿಕ್ ಕವರನ್ನೂ ಕೊಟ್ಟ.

ಮಣಿಪಾಲಕ್ಕೆ ಹತ್ತುವ ಏರಿನಲ್ಲಿ ಬಸ್ಸು ಉಸಿರು ಕಟ್ಟಿ ನರಳಿತು. ಆಸ್ಪತ್ರೆಯಲ್ಲಿ ನನ್ನ ಚೀಟಿ ನಲವತ್ತೊಂದು, ಒಳಗೆ ಹೋದದ್ದು ಹದಿನೇಳು. ನಾನು ಕೂತೆ, ಎದ್ದೆ, ಬಾಗಿಲಿನವರೆಗೆ ಹೋಗಿ ಬಂದೆ. ಪಕ್ಕದ ಹೆಂಗಸು, "ಕೂತ್ಕೊಳ್ಳಿ ಮಾರಾಯ್ರೇ, ನೀವು ನಡೆದರೆ ನಂಬ್ರ ಓಡುವುದಿಲ್ಲ" ಎಂದಳು. ಹೌದು, ಓಡಲಿಲ್ಲ. ಹನ್ನೊಂದೂವರೆಗೆ ಕರೆದರು.

ಡಾಕ್ಟರಮ್ಮ ವಿಮಾನದವರ ನಮೂನೆಯಲ್ಲೇ ಬರೆದುಕೊಟ್ಟರು. ನಿಮಿಷಕ್ಕೆ ಎರಡು ಲೀಟರು, ಕೂತುಕೊಂಡು ಪ್ರಯಾಣ ಮಾಡಬಹುದು, ಜೊತೆಗೆ ಯಂತ್ರ ಇರಲೇಬೇಕು. ಮೊಹರು ಹೊಡೆಯುವಾಗ ನನ್ನ ಕವರಿನ ಮೇಲೆ ಅವರ ಕಣ್ಣು ಬಿತ್ತು.

"ಅದೆಂತ ಕೆಂಪು ಗೆರೆಯದ್ದು?"

"ಅಪಾಯದ್ದು. ಸಹಿ ಹಾಕಿದ್ದೇನೆ."

"ಹೌದಾ? ನಾನು ಇಷ್ಟು ಜನರಿಗೆ ಬರೆದುಕೊಟ್ಟಿದ್ದೇನೆ, ಅದನ್ನು ಯಾರೂ ಹಿಡಿದುಕೊಂಡು ಬಂದದ್ದಿಲ್ಲ."

ಆಗಲೇ ನಾನು ನಿಂತು ಯೋಚಿಸಬೇಕಿತ್ತು. ಕಾರ್ಕಳದ ಬಸ್ಸು ಹೊರಡುವುದಿತ್ತು, ಓಡಿದೆ.

ಪರ್ಕಳ, ಹಿರಿಯಡ್ಕ, ಬೈಲೂರು. ಮಳೆ ನಿಂತ ಮೇಲಿನ ಬಿಸಿಲು ಕಿಟಕಿಯಿಂದ ಬಂದು ಮೊಣಕಾಲನ್ನು ಸುಡುತ್ತಿತ್ತು. ನಿಲ್ದಾಣದಲ್ಲಿ ಕೊಂಡ ಎರಡು ಗೋಳಿಬಜೆ ಬಸ್ಸಿನಲ್ಲೇ ತಿಂದೆ, ತಣ್ಣಗಾಗಿ ಹಗ್ಗದ ಹಾಗೆ ಎಳೆದವು. ಕಾರ್ಕಳ ಮುಟ್ಟುವಾಗ ಒಂದೂಕಾಲು. ಅಂಗಡಿಗೆ ಬೀಗ. ಊಟಕ್ಕೆ ಹೋದವರು ಮೂರಕ್ಕೆ ಬರುತ್ತಾರೆ ಎಂದು ಪಕ್ಕದ ಚಪ್ಪಲಿ ಅಂಗಡಿಯವನು ಹೇಳಿದ. ಮೀನಿನ ಮಾರ್ಕೆಟಿನಲ್ಲಿ ಒಂದೂಮುಕ್ಕಾಲು ಗಂಟೆ ಊಟ ಮಾಡುವವನನ್ನು ನಾನು ನೋಡಿಲ್ಲ. ಗುಡ್ಡದ ಮೇಲೆ ಗೊಮ್ಮಟ ನಿಂತಿದ್ದ. ಅವನಿಗೇನು, ನಾಳೆ ವಿಮಾನ ಇಲ್ಲ. ನಾನು ಆ ಬೀದಿಯಲ್ಲಿ ಎಂಟು ಸಲ ಆಚೆ ಈಚೆ ಹೋದೆ.

ಮೂರೂಹತ್ತಕ್ಕೆ ಅಂಗಡಿಯ ಕಾಮತರು ಬಂದರು. ಮೆತ್ತಗಿನ ಮನುಷ್ಯ. ಬಿಲ್ಲು ಹುಡುಕಿದರು. ಅದರಲ್ಲಿ 'ಯಂತ್ರ ಒಂದು, ಬ್ಯಾಟರಿ ಎರಡು' ಎಂದಿತ್ತು, ಬೇರೆ ಎಂತದೂ ಇಲ್ಲ.

"ಅಕ್ಕ, ಈ ಯಂತ್ರಕ್ಕೆ ಎರಡು ನಮೂನೆ ಬ್ಯಾಟರಿ ಬರ್ತದೆ. ಸಣ್ಣದು ನೂರರ ಒಳಗೆ, ದೊಡ್ಡದು ನೂರರ ಮೇಲೆ. ನೋಡ್ಲಿಕ್ಕೆ ಎರಡೂ ಒಂದೇ ಹಾಗೆ. ನಿಮ್ಮದು ಯಾವುದು?"

"ಮಾರಿದವರು ನೀವು, ನನ್ನಲ್ಲಿ ಕೇಳ್ತೀರಾ?"

"ಬ್ಯಾಟರಿಯ ಬೆನ್ನಲ್ಲಿ ಚೀಟಿ ಉಂಟಲ್ಲ, ಅದರ ಫೋಟೋ ತರಿಸಿ."

ಟೀಚರಿಗೆ ಫೋನ್ ಮಾಡಿದೆ. ಎರಡು ನಿಮಿಷದಲ್ಲಿ ಫೋಟೋ ಬಂತು. ಕಾಮತರು ಕನ್ನಡಕ ಮೇಲೆ ಮಾಡಿದರು, ಕೆಳಗೆ ಮಾಡಿದರು, ಮೊಬೈಲನ್ನು ಅಡ್ಡ ಹಿಡಿದರು.

"ಇದೆಂತ ಅಕ್ಕ? ಬ್ಯಾಟರಿಯಾ, ದೋಣಿಯಾ?"

ನೋಡಿದೆ. ನೀಲಿ. ಹಿಂದೆ, ಮುಂದೆ, ಬದಿ ಎಲ್ಲ ಹೊಳೆಯುವ ದೋಣಿ ನೀಲಿ.

ಬಣ್ಣ ಹಾಕಿದ್ದು ನಾನೇ. ನಮ್ಮಲ್ಲಿ ಮಳೆಗಾಲದ ಮೊದಲು ದೋಣಿಗೆ ಬಣ್ಣ ಬಳಿದು ಉಳಿದದ್ದನ್ನು ಯಾರೂ ಚೆಲ್ಲುವುದಿಲ್ಲ. ಗೇಟು, ಸೈಕಲ್, ಮಿಕ್ಸಿಯ ಅಡಿ, ಗ್ಯಾಸ್ ಒಲೆಯ ಕಾಲು, ಉಪ್ಪುಗಾಳಿ ತಿನ್ನುವಂಥದ್ದು ಎಂತದಿದ್ದರೂ ಒಂದು ಕೈ ಬಳಿಯುವುದು. ಹಾಗೆ ಮೇ ತಿಂಗಳಲ್ಲಿ ಈ ಬ್ಯಾಟರಿಗಳಿಗೂ ಎರಡೆರಡು ಕೈ ಬಳಿದಿದ್ದೆ. ವಿದ್ಯುತ್ತು ಬರುವ ಹಿತ್ತಾಳೆಯ ಮೂತಿ ಬಿಟ್ಟು ಬಳಿದೆ, ಅಷ್ಟು ಬುದ್ಧಿ ಇತ್ತು. ಚೀಟಿಯ ಬಗ್ಗೆ ಬುದ್ಧಿ ಇರಲಿಲ್ಲ.

"ಕತ್ತಿಯಲ್ಲಿ ಕೆರೆಯುತ್ತೇನೆ" ಎಂದೆ.

ಕಾಮತರು ಎದ್ದೇ ನಿಂತರು. "ಬೇಡ ಬೇಡ! ಕತ್ತಿ ತಾಗಿದರೆ ಬೆಂಕಿ ಹತ್ತುವ ಸಾಮಾನು ಅದು. ಸೀಮೆಎಣ್ಣೆ, ಥಿನ್ನರ್ ಸಹ ಹಾಕ್ಬೇಡಿ. ನಾನು ಎರಡೂ ನಮೂನೆಯ ನಂಬ್ರ ಬರೆದು ಮೊಹರು ಹಾಕಿ ಕೊಡ್ತೇನೆ, ಇದರಲ್ಲೊಂದು ಅಂತ. ಅವರು ನೋಡಿಕೊಳ್ಳಲಿ."

ಕೈಯಲ್ಲಿ ಮೂರು ಕಾಗದ ಆಯಿತು. ಮೂರಕ್ಕೂ ಮೊಹರೋ ಗೆರೆಯೋ ಇತ್ತು. ಓದಲು ಕಷ್ಟಪಡುವವರಿಗೆ ಕಾಗದದ ಮೇಲೆ ಭಕ್ತಿ ಜಾಸ್ತಿ. ಸಾಕು ಎಂದುಕೊಂಡೆ.

ನಿಟ್ಟೆಯಲ್ಲಿ ಕಾಲೇಜು ಬಿಟ್ಟು ಮಕ್ಕಳೆಲ್ಲ ಬಸ್ಸಿಗೆ ನುಗ್ಗಿದರು. ಕವರು ಜಜ್ಜಿಹೋಗದಂತೆ ತಲೆಯ ಮೇಲೆ ಹಿಡಿದುಕೊಂಡು ಬೆಳ್ಮಣ್ಣಿನವರೆಗೆ ನಿಂತೆ. ಪಡುಬಿದ್ರಿಯಲ್ಲಿ ಇಳಿದು ಬಸ್ಸು ಬದಲಿಸಿ ಕಾಪುವಿಗೆ ಬರುವಾಗ ಆರು. ವಾರಿಜ ಹೊಸ ಸೀರೆ ಮಡಚಿ ಚೀಲಕ್ಕೆ ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದಳು.

"ಕಾಗದ... ಆಯಿತಾ?" ಎಂದಳು. ಅವಳು ಎರಡು ಮಾತಿಗೊಮ್ಮೆ ಉಸಿರಿಗೆ ನಿಲ್ಲುತ್ತಿದ್ದಳು.

"ಆಯಿತು. ನಿನ್ನ ಜಾತಕಕ್ಕೆ ಸಹ ಇಷ್ಟು ಓಡಲಿಲ್ಲ ನಿನ್ನ ಅಪ್ಪ."

ಬುಧವಾರ ಹನ್ನೆರಡಕ್ಕೆ ನಮ್ಮ ಕೇರಿಯ ಲೋಕೇಶನ ಬಾಡಿಗೆ ಓಮ್ನಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಯಂತ್ರ ಗಾಡಿಯ ಪ್ಲಗ್ಗಿನಲ್ಲೇ ಓಡಿತು. ವಾರಿಜ ಬ್ಯಾಟರಿಯ ನಾಲ್ಕು ಹಸಿರು ದೀಪ ನೋಡುತ್ತ ಕೂತಿದ್ದಳು. ಪೂರ್ತಿ ನಾಲ್ಕು ದೀಪವಿದ್ದರೆ ನಾಲ್ಕು ಗಂಟೆ. ಒಂದೂಮುಕ್ಕಾಲಿಗೆ ಬಜ್ಪೆಯ ಗುಡ್ಡದ ಮೇಲೆ ನಮ್ಮನ್ನು ಇಳಿಸಿ ಲೋಕೇಶ ತಿರುಗಿ ಹೋದ. ಅವನಿಗೆ ಶಾಲೆಯ ಮಕ್ಕಳನ್ನು ಮನೆಗೆ ಬಿಡುವುದಿತ್ತು.

ಒಳಗೆ ಚಳಿಯಾಗುವಷ್ಟು ತಂಪು. ಗಾಲಿಕುರ್ಚಿ ಕೊಟ್ಟರು. ಕೌಂಟರಿನ ಹುಡುಗಿಗೆ ಮೂರು ಕಾಗದವನ್ನೂ ಕೊಟ್ಟೆ, ಕೆಂಪು ಅಂಚಿನದ್ದನ್ನು ಮೇಲಿಟ್ಟು. ಅವಳ ನಗು ಅಲ್ಲಿಗೇ ನಿಂತಿತು. ಹಿಂದಿಯಲ್ಲಿ ಎಂತದೋ ಹೇಳಿ ಫೋನ್ ಎತ್ತಿದಳು. ಕಪ್ಪು ಕೋಟು ಹಾಕಿದ ಒಬ್ಬ ಅಧಿಕಾರಿ ಬಂದ. ಮಾತು ಕೇಳಿದರೆ ಬಂಟ್ವಾಳದ ಕಡೆಯವನು.

"ಅಮ್ಮ, ಇದರಲ್ಲಿ ಸಹಿ ಯಾರದ್ದು?"

"ನನ್ನದು. ಮೂರೂ ನನ್ನದೇ."

"ಇದು ಸರಕು ಕಳಿಸುವ ಕಂಪೆನಿಗಳು ತುಂಬಿಸುವ ಕಾಗದ. ಅಪಾಯದ ಸರಕನ್ನು ವಿಮಾನದ ಹೊಟ್ಟೆಯಲ್ಲಿ ಹಾಕಿ ಕಳಿಸ್ತಾ ಇದ್ದೇನೆ ಅಂತ ನೀವು ಒಪ್ಪಿಕೊಂಡ ಹಾಗಾಯಿತು. ಪ್ರಯಾಣಿಕರು ಇದನ್ನು ಕೊಡ್ಲಿಕ್ಕೇ ಇಲ್ಲ. ಕೊಟ್ಟರೆ ನಾನು ಹತ್ತಿಸ್ಲಿಕ್ಕಿಲ್ಲ."

"ಹಾಗಾದರೆ ಹರಿದು ಬಿಸಾಡಿ."

"ಹಾಗೆ ಹರಿಯುವಂತಿಲ್ಲ. ನೀವು ಕೊಟ್ಟಾಯಿತು, ನಾನು ನೋಡಿ ಆಯಿತು."

"ನೋಡಿದ್ದನ್ನು ಮರೆತುಬಿಡಿ ಮಾರಾಯ್ರೇ. ನಾನು ದಿನಾ ಮರೆಯುತ್ತೇನೆ, ಎಂತ ಕಷ್ಟವೂ ಇಲ್ಲ."

ಅವನ ಬಾಯಿಯ ತುದಿ ಸ್ವಲ್ಪ ಅಲುಗಿತು, ಆದರೆ ನಗಲಿಲ್ಲ. ಫೋನಿನಲ್ಲಿ ಯಾರೊಡನೆಯೋ ಮಾತಾಡಿದ. ಕೊನೆಗೆ ಕಾಗದಕ್ಕೆ ಅಡ್ಡಗೆರೆ ಎಳೆದು, 'ತಪ್ಪಿ ತುಂಬಿಸಿದ್ದು, ಹಿಂದೆ ತೆಗೆದುಕೊಂಡಿದ್ದೇನೆ' ಎಂದು ಬರೆಸಿ, ಅದಕ್ಕೂ ನನ್ನ ಸಹಿ ಮಾಡಿಸಿದ. ಆಗ ಎರಡೂಮುಕ್ಕಾಲು. ಮೂರೂವರೆಗೆ ಕೌಂಟರು ಮುಚ್ಚುವುದು. ವಾರಿಜಳ ಯಂತ್ರದಲ್ಲಿ ಮೂರು ದೀಪ ಉಳಿದಿತ್ತು. ಕಂಬದ ಬದಿಯ ಪ್ಲಗ್ಗಿಗೆ ಅದನ್ನು ಸಿಕ್ಕಿಸಲು ಹೇಳಿದವನು ಅವನೇ.

ಡಾಕ್ಟರಮ್ಮನ ಕಾಗದ ಓದಿ ತಲೆಯಾಡಿಸಿದ. ಕಾಮತರದ್ದನ್ನು ಓದಿ ತಲೆ ಕೆರೆದುಕೊಂಡ.

"ಇದರಲ್ಲಿ ಎರಡು ನಂಬ್ರ ಉಂಟಲ್ಲ? ಸಣ್ಣದಾದರೆ ಈಗಲೇ ಬಿಡ್ತೇನೆ. ದೊಡ್ಡದಾದರೆ ಮೇಲಿನವರ ಒಪ್ಪಿಗೆ ಬೇಕು, ಅದು ಇವತ್ತು ಆಗ್ಲಿಕ್ಕಿಲ್ಲ. ಬ್ಯಾಟರಿ ತೋರಿಸಿ."

ಚೀಲದಲ್ಲಿದ್ದ ಬ್ಯಾಟರಿ ತೆಗೆದು ಅವನ ಮೇಜಿನ ಮೇಲಿಟ್ಟೆ. ಅವನು ಅದನ್ನು ತಿರುಗಿಸಿ ಎಲ್ಲ ಬದಿಯ ನೀಲಿಯನ್ನೂ ನೋಡಿದ.

"ಕಾಪುವಿನವರಾ?" ಎಂದ.

"ಹೌದು. ಬಣ್ಣ ನಾನೇ ಹಾಕಿದ್ದು. ಬೈಯುವುದಿದ್ದರೆ ಆಮೇಲೆ ಬೈಯಿರಿ, ಈಗ ಕೆರೆಯಲು ಬಿಡಿ."

"ಲೋಹದ್ದು ಎಂತದೂ ತಾಗಿಸ್ಬಾರದು."

"ಉಗುರು?"

ಅವನು ಯೋಚಿಸಿ, "ಉಗುರು ಆಗ್ಬಹುದು" ಎಂದ.

ನನ್ನ ಬಲಗೈ ಹೆಬ್ಬೆರಳಿನ ಉಗುರು ನಲವತ್ತೈದು ವರ್ಷ ಮೀನಿನ ಹುರುಪೆ ತೆಗೆದದ್ದು. ಚಿಪ್ಪಿನಷ್ಟು ದಪ್ಪ, ಹಳದಿ. ಆ ಬ್ಯಾಟರಿಯನ್ನು ಸೆರಗಿನಲ್ಲಿ ಹಿಡಿದು ಮೂಲೆಯಿಂದ ಶುರುಮಾಡಿದೆ. ಬಣ್ಣ ಏಳಲಿಲ್ಲ, ಏಳಲಿಲ್ಲ, ಆಮೇಲೆ ಒಮ್ಮೆಲೇ ದೊಡ್ಡ ಹಾಳೆಯಾಗಿ ಕಿತ್ತು ಬಂತು. ಅದರ ಜೊತೆಗೆ ಚೀಟಿಯೂ ಬಂತು, ನಾಲ್ಕು ಚೂರಾಗಿ. ಒಂದು ಅಂಕೆಯೂ ಉಳಿಯಲಿಲ್ಲ.

ವಾರಿಜ ಕುರ್ಚಿಯಿಂದ ನೋಡುತ್ತಿದ್ದಳು. "ನಿಧಾನ... ಸೀತು" ಎಂದಳು. "ಬಂಗುಡೆ ಅಲ್ಲ ಅದು."

ಇನ್ನು ಯಂತ್ರದೊಳಗಿನದ್ದು. ಕಂಬದಿಂದ ವಿದ್ಯುತ್ತು ಬರುತ್ತಿದ್ದುದರಿಂದ ಬ್ಯಾಟರಿ ಹೊರಗೆ ತೆಗೆದರೂ ಯಂತ್ರ ನಡೆಯಿತು. ಈ ಸಲ ಎಬ್ಬಿಸಲು ಹೋಗಲಿಲ್ಲ. ಬೂತಾಯಿ ಮೀನಿನ ಹೊಟ್ಟೆಯ ಮೇಲೆ ಕೈಯಾಡಿಸಿದ ಹಾಗೆ ಒಂದೇ ಕಡೆ ಸವೆಸುತ್ತ ಹೋದೆ. ನೀಲಿ ಪುಡಿಯಾಗಿ ಉದುರಿತು. ಹಿಂದಿನ ಸಾಲಿನವರು ಬ್ಯಾಗು ಇಟ್ಟು ಹತ್ತಿರ ಬಂದು ನಿಂತರು. ಯಾರೋ ವಿಡಿಯೋ ಮಾಡಿದರು. ಮೊದಲು ಒಂಬತ್ತರ ಅಂಕೆ ಕಂಡಿತು.

"ನಿಲ್ಲಿಸ್ಬೇಡಿ" ಎಂದ ಅಧಿಕಾರಿ, ಮೇಜಿನ ಮೇಲೆ ಬಾಗಿ.

ಒಂಬತ್ತರ ಹಿಂದೆ ಒಂದರ ಅಂಕೆ ಇದ್ದರೆ ಮುಗಿಯಿತು. ಎಡಬದಿ ಕೆರೆದೆ. ಖಾಲಿ. ಬಲಬದಿ ಕೆರೆದೆ. ಆರೋ ಎಂಟೋ, ಅರ್ಧ ಹೋಗಿತ್ತು. ಅದರಾಚೆ ಅಂಕೆ ಇಲ್ಲ, ಅಳತೆಯ ಎರಡು ಇಂಗ್ಲಿಷ್ ಅಕ್ಷರ.

"ತೊಂಬತ್ತಾರಾ, ತೊಂಬತ್ತೆಂಟಾ?" ಎಂದು ಕೌಂಟರಿನ ಹುಡುಗಿ ಕೇಳಿದ್ದು ನನಗೂ ಅರ್ಥವಾಯಿತು.

"ಎರಡೂ ನೂರರ ಒಳಗೇ" ಎಂದು ಅವನು ಮೊಹರು ಒತ್ತಿದ.

ನಾನು ಉಸಿರು ಬಿಡುವುದರೊಳಗೆ ಅವನು ಮತ್ತೆ ಹೇಳಿದ: "ಹಾರುವುದು ಒಂದೂಮುಕ್ಕಾಲು ಗಂಟೆ. ಅದರ ಒಂದೂವರೆ ಪಟ್ಟು ಬ್ಯಾಟರಿ ಬೇಕು, ಇದು ಸಾಕಾಗ್ತದೆ. ಆದರೆ ಆ ಚೀಟಿ ಹೋದದ್ದನ್ನು ಬಿಡ್ಲಿಕ್ಕಿಲ್ಲ."

"ಅದು ಇಲ್ಲೇ ಇರಲಿ. ನಿಮಗೇ ಕೊಟ್ಟೆ."

"ಇಲ್ಲಿ ಇಡುವ ಹಾಗಿಲ್ಲ. ಕಸದ ಡಬ್ಬಿಗೂ ಹಾಕುವ ಹಾಗಿಲ್ಲ. ತಂದವರೇ ಹೊರಗೆ ತೆಗೆದುಕೊಂಡು ಹೋಗ್ಬೇಕು. ಯಾರಾದರೂ ಬಂದಿದ್ದಾರಾ ನಿಮ್ಮ ಜೊತೆ?"

ಲೋಕೇಶನಿಗೆ ಫೋನ್ ಮಾಡಿದೆ. ಅವನು ಮೂಲ್ಕಿ ದಾಟಿದ್ದ. ಗೋಡೆಯ ಗಡಿಯಾರ ಮೂರೂ ಇಪ್ಪತ್ತೆರಡು ತೋರಿಸುತ್ತಿತ್ತು; ನಾನು ಹೊರಗೆ ಹೋಗಿ ಅದನ್ನು ಯಾರಿಗಾದರೂ ಒಪ್ಪಿಸಿ ಬರುವಷ್ಟರಲ್ಲಿ ಕೌಂಟರು ಮುಚ್ಚುತ್ತಿತ್ತು.

"ಇವಳನ್ನು ಕಳಿಸಿ" ಎಂದೆ. "ನಾನು ಹೋಗುವುದಿಲ್ಲ."

ವಾರಿಜ ನನ್ನ ಮೊಣಕೈ ಹಿಡಿದಳು. ಅವಳ ಕೈಯಲ್ಲಿ ಅಷ್ಟು ಬಲ ಉಂಟೆಂದು ನನಗೆ ಗೊತ್ತಿರಲಿಲ್ಲ.

"ನೀನು... ಬರುವುದಿಲ್ಲವಾ?"

"ಈ ಶನಿಯನ್ನು ಹೊರಗೆ ಕೊಂಡುಹೋಗುವವರು ಯಾರು? ನಿನ್ನ ಮಗಳು ಅಲ್ಲಿ ಬಾಗಿಲಲ್ಲೇ ನಿಂತಿರುತ್ತಾಳೆ. ಎರಡು ದೀಪಕ್ಕೆ ಇಳಿದರೆ ಪ್ಲಗ್ ಕೇಳು. ಬಾಯಿ ಉಂಟಲ್ಲ ನಿನಗೆ, ನನ್ನ ಹತ್ತಿರ ಜಗಳಕ್ಕೆ ಮಾತ್ರ ಅಲ್ಲ."

"ಕಿಟಕಿಯ ಸೀಟು... ನಿನ್ನದು."

"ಈಗ ಎರಡೂ ನಿನ್ನದು. ಕಾಲು ನೀಡಿ ಕೂತುಕೋ."

ಕುರ್ಚಿ ತಳ್ಳುವವನು ಅವಳನ್ನು ತಿರುಗಿಸಿಕೊಂಡು ಹೋದ. ಅವಳು ಹಿಂದೆ ನೋಡಲು ಕತ್ತು ತಿರುಗಿಸಿದಳು, ನಳಿಗೆ ಎಳೆಯಿತು, ಮತ್ತೆ ಮುಂದೆ ತಿರುಗಿದಳು. ನಾನು ಹೊರಗೆ ಬಂದೆ. ಒಳಗೆ ಹೋದವರು ಹೊರಗೆ ಬರಲು ಸಹ ಒಂದು ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಆ ಎರಡು ದಿನದಲ್ಲಿ ನಾನು ಹಾಕಿದಷ್ಟು ಸಹಿ ಇಡೀ ಜೀವಮಾನದಲ್ಲಿ ಹಾಕಿಲ್ಲ.

ರಸ್ತೆಯ ಬದಿಯಲ್ಲಿ ನಿಂತೆ. ನಾಲ್ಕೂ ನಲವತ್ತಕ್ಕೆ ಒಂದು ವಿಮಾನ ಎದ್ದಿತು. ಅದೇ ಹೌದೋ ಅಲ್ಲವೋ ಗೊತ್ತಿಲ್ಲ. ಹಮೀದನನ್ನು ಫೋನಿನಲ್ಲಿ ಬೈದೆ. ಅವನು, "ತಪ್ಪಾಯಿತು ಅಕ್ಕ, ನಾನು ಪೆಟ್ಟಿಗೆಯ ಹಾಗೇ ಯೋಚಿಸಿದೆ" ಎಂದ. ಅಷ್ಟು ಬೇಗ ಒಪ್ಪಿಕೊಂಡವನನ್ನು ಎಷ್ಟು ಹೊತ್ತು ಬೈಯುವುದು? ಅವನ ತಪ್ಪಿಗೆ ಒಂದು ಅಡ್ಡಗೆರೆ ಸಾಕಾಗಿತ್ತು. ನನ್ನ ತಪ್ಪು ನನ್ನ ಮಡಿಲಲ್ಲಿ ಕೂತಿತ್ತು, ಎರಡು ಸೇರು ಅಕ್ಕಿಯ ಭಾರ.

ಕಿನ್ನಿಗೋಳಿಯ ದಾರಿಯಾಗಿ ಹೋಗುವ ಬಸ್ಸು ಸಿಕ್ಕಿತು. ಕಂಡಕ್ಟರು, "ಎಂತ ಅಜ್ಜಿ ಅದು, ನೀಲಿ ಇಟ್ಟಿಗೆಯಾ?" ಎಂದು ಕೇಳಿದ. "ಅಪಾಯದ ಸರಕು" ಎಂದೆ. "ಹಾಗಾದರೆ ಅದಕ್ಕೂ ಟಿಕೆಟು ಹರಿಯಲಾ?" ಎಂದು ಮುಂದೆ ಹೋದ. ನಾನು ಮೂಲ್ಕಿಯವರೆಗೆ ಐದು ಸಲ ಮೊಬೈಲು ತೆಗೆದು ನೋಡಿದೆ.

ಮೂಲ್ಕಿಯಲ್ಲಿ ಕಾಪುವಿನ ಬಸ್ಸಿಗೆ ಕಾಯುವಾಗ ಫೋನ್ ಬಂತು. ಮಗಳ ನಂಬ್ರ, ಮಾತಾಡಿದ್ದು ವಾರಿಜ.

"ಮುಟ್ಟಿದೆ. ಎರಡು ದೀಪ... ಉಂಟು. ಮೋಡದ ಮೇಲೆ ಎಂತದೂ ಇಲ್ಲ ಸೀತು. ಬರೀ ಬಿಳಿ. ನೀನು ಬಂದಿದ್ದರೂ... ನೋಡ್ಲಿಕ್ಕೆ ಎಂತ ಇರಲಿಲ್ಲ."

"ಫೋನ್ ಇಡು. ಉಸಿರು ಉಳಿಸು" ಎಂದೆ.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಉಡುಪಿಗೆ ಹೋಗಿ, ಇಂದ್ರಾಳಿಯ ರೈಲ್ವೆ ಸ್ಟೇಷನ್ನಿನ ಸಾಲಿನಲ್ಲಿ ನಿಂತೆ. ಬ್ಯಾಟರಿ ಒಂದೇ ಇದ್ದರೆ ಅವಳು ಅಲ್ಲಿ ಪ್ಲಗ್ಗಿನ ಬುಡ ಬಿಟ್ಟು ಏಳುವಂತಿರಲಿಲ್ಲ; ನನ್ನಲ್ಲಿ ಉಳಿದದ್ದನ್ನು ರೈಲಿನಲ್ಲಿ ಮುಟ್ಟಿಸಬೇಕಿತ್ತು. ಹನ್ನೊಂದು ದಾಟಿ ನನ್ನ ಸರದಿ ಬಂತು. ಅದೇ ಹೊತ್ತಿಗೆ ಮಗಳು ಫೋನ್ ಮಾಡಿ, "ಅಮ್ಮನನ್ನು ಒಳಗೆ ಕೊಂಡುಹೋದರು ಅತ್ತೆ" ಎಂದಳು. ಆಗಲಿ ಎಂದು ಮೊಬೈಲು ಚೀಲಕ್ಕೆ ಹಾಕಿದೆ.

"ಮುಂಬೈಗೆ ಎಷ್ಟು ಜನ?" ಎಂದು ಕಿಟಕಿಯವನು ಕೇಳಿದ.

"ಹೋಗುವುದು ಒಬ್ಬಳು. ಬರುವುದು ಇಬ್ಬರು."

"ಬರುವ ತಾರೀಕು?"

"ತಾರೀಕು ಗೊತ್ತಿಲ್ಲ. ಇಬ್ಬರು ಅಂತ ಹಾಕಿ."

"ತಾರೀಕಿಲ್ಲದೆ ಹಾಕ್ಲಿಕ್ಕೆ ಆಗುವುದಿಲ್ಲ ಅಮ್ಮ."

"ಹಾಗಾದರೆ ಹೋಗುವುದು ಕೊಡಿ" ಎಂದು ಅವನು ಕೊಟ್ಟ ಒಂದು ಟಿಕೆಟನ್ನು ತೆಗೆದುಕೊಂಡೆ.